ಗಾಜಿನ ತಟ್ಟೆಯಲ್ಲಿ ಗೆದ್ದ ಕಷಾಯ

ಕಳೆದ ವರ್ಷ ನನ್ನ ಸೋದರತ್ತೆಗೆ ಮೂತ್ರದ ಸೋಂಕು ತಗುಲಿತ್ತು. ಪ್ರಯೋಗಾಲಯದ ವರದಿಯಲ್ಲಿ ಸಾಲುಸಾಲು ಆ್ಯಂಟಿಬಯಾಟಿಕ್‌ಗಳ ಹೆಸರು. ಹೆಚ್ಚಿನವುಗಳ ಮುಂದೆ ‘ಆರ್’ ಎಂಬ ಅಕ್ಷರ. ಆ ಔಷಧಕ್ಕೆ ರೋಗಾಣು ಬಗ್ಗದು ಎಂದು ಅದರ ಅರ್ಥ. ‘ಬೆಳ್ಳುಳ್ಳಿ, ಅರಿಶಿನ ಬ್ಯಾಕ್ಟೀರಿಯಾ ಕೊಲ್ಲುತ್ತೆ ಅಂತ ಪೇಪರಿನಲ್ಲೇ ಬಂದಿದೆಯಲ್ಲೋ’ ಎಂದ ಅತ್ತೆ, ವರದಿಯನ್ನು ಮಡಿಸಿಟ್ಟು ಹತ್ತು ದಿನ ಕಷಾಯ ಕುಡಿದರು. ಸೋಂಕು ಮೂತ್ರಪಿಂಡಕ್ಕೇರಿತು. ಆಸ್ಪತ್ರೆ ಸೇರಿ, ‘ಆರ್’ ಎಂದಿರದ ಒಂದು ಚುಚ್ಚುಮದ್ದಿನಿಂದ ಉಳಿದುಕೊಂಡರು.

ಪತ್ರಿಕೆಯಲ್ಲಿ ಬಂದದ್ದು ಸುಳ್ಳಲ್ಲ. ಜಜ್ಜಿದ ಬೆಳ್ಳುಳ್ಳಿಯಲ್ಲಿ ಹುಟ್ಟುವ ಆಲಿಸಿನ್, ಅರಿಶಿನದ ಕರ್ಕ್ಯುಮಿನ್ ಇವು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾವನ್ನು ತಡೆಯುವುದು ನಿಜ. ಆದರೆ ತಟ್ಟೆಗೆ ಸುರಿದಷ್ಟು ಪ್ರಮಾಣ ರಕ್ತವನ್ನು ತಲುಪಬೇಕಲ್ಲ? ನಾವು ನುಂಗುವ ಕರ್ಕ್ಯುಮಿನ್‌ನಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಅದು ಸ್ಥಿರವಲ್ಲದ, ಔಷಧವಾಗಲು ಒಗ್ಗದ ಅಣು ಎಂದು ಅಮೆರಿಕದ ರಸಾಯನ ವಿಜ್ಞಾನಿಗಳು 2017ರಲ್ಲೇ ಬರೆದರು. ನಮ್ಮ ಸುದ್ದಿಗಳಲ್ಲಿ ತಟ್ಟೆಗೂ ದೇಹಕ್ಕೂ ನಡುವಿನ ಈ ದೂರವೇ ಕಾಣೆ.

ಹಾಗೆಂದು ಗಿಡಮೂಲಿಕೆಗಳನ್ನು ಮೂದಲಿಸುವವರ ಸಾಲಿಗೆ ನಾನು ಸೇರಲಾರೆ. ಪಶ್ಚಿಮಘಟ್ಟದ ಮರದರಿಶಿನ ಬಳ್ಳಿಯ ಹಳದಿಗೆ ಕಾರಣವಾದ ಬರ್ಬೆರಿನ್, ಅಮೆರಿಕದ ಬರ್ಬೆರಿಸ್ ಜಾತಿಯ ಗಿಡಗಳಲ್ಲೂ ಇದೆ. ಇದೊಂದೇ ಹೋದರೆ ಸ್ಟ್ಯಾಫಿಲೊಕಾಕಸ್ ರೋಗಾಣು ತನ್ನ ಪೊರೆಯಲ್ಲಿರುವ ಪಂಪಿನಿಂದ ಅದನ್ನು ಹೊರಚೆಲ್ಲುತ್ತದೆ. ಅದೇ ಗಿಡ ಆ ಪಂಪನ್ನು ಕಟ್ಟಿಹಾಕುವ ಇನ್ನೊಂದು ವಸ್ತುವನ್ನೂ ತಯಾರಿಸುತ್ತದೆಂದು ಫ್ರ್ಯಾಂಕ್ ಸ್ಟರ್ಮಿಟ್ಸ್, ಕಿಮ್ ಲೂಯಿಸ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು. ಆ ವಸ್ತು ತಾನಾಗಿ ರೋಗಾಣುವನ್ನು ಕೊಲ್ಲದು. ಬರ್ಬೆರಿನ್‌ಗೆ ಬಾಗಿಲು ಕಾಯುತ್ತದೆ, ಅಷ್ಟೆ. ನಾರ್‌ಫ್ಲಾಕ್ಸಸಿನ್‌ನಂಥ ಮಾತ್ರೆಯನ್ನು ಹೊರದಬ್ಬುವುದೂ ಇದೇ ಪಂಪು. ಗಿಡಗಳಿಂದ ನಾವು ಕೇಳಬೇಕಾದದ್ದು ಹೊಸ ಆ್ಯಂಟಿಬಯಾಟಿಕ್ಕನ್ನಲ್ಲ, ಹಳೆಯದಕ್ಕೆ ಇಂಥ ಜೊತೆಗಾರನನ್ನು ಎಂದು ನನಗೆ ಅನ್ನಿಸುವುದು ಇದರಿಂದಲೇ.

ಆದರೂ ಇಪ್ಪತ್ತೈದು ವರ್ಷ ಕಳೆದರೂ ಅಂಥ ಒಂದು ಪಂಪುತಡೆ ಔಷಧದಂಗಡಿಗೆ ಬಂದಿಲ್ಲ. ಪಂಪು ನಿಲ್ಲಿಸುವಷ್ಟು ಪ್ರಮಾಣ ಮನುಷ್ಯನಿಗೇ ವಿಷವಾಗುವುದು ಒಂದು ತೊಡಕು. ನಮ್ಮ ಕಾಲೇಜುಗಳಲ್ಲಂತೂ ಎಲೆ ಅರೆದು, ರಸ ತೆಗೆದು, ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದ ವೃತ್ತವನ್ನು ಅಳೆದರೆ ಒಂದು ಪ್ರಬಂಧ ಸಿದ್ಧ. ರಸದೊಳಗಿನ ಅಣು ಯಾವುದು, ಎಷ್ಟು ಬೇಕು, ಪ್ರಾಣಿಗೆ ಕೊಟ್ಟರೆ ಏನಾದೀತು ಎಂಬ ದುಬಾರಿ ಪ್ರಶ್ನೆಗಳಿಗೆ ಹಣವೂ ಇಲ್ಲ, ತಾಳ್ಮೆಯೂ ಇಲ್ಲ. 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜಿದೆ. ಅನುದಾನ ಹಂಚುವವರು ವೃತ್ತ ಅಳೆಯುವ ಕೆಲಸಕ್ಕೆ ಇನ್ನು ಹಣ ಕೊಡದೆ, ಮುಂದಿನ ಆ ಮೂರು ಪ್ರಶ್ನೆಗಳಿಗೆ ಕೊಡಲಿ. ನಿಧಾನವಾಗಿ ಬೆಳೆಯುವ ಮರದರಿಶಿನವನ್ನು ಬುಡಸಮೇತ ಕಡಿದು ಮಾರುವುದನ್ನೂ ಅರಣ್ಯ ಇಲಾಖೆ ಅಷ್ಟರೊಳಗೆ ತಡೆಯಲಿ.