ಹಳೇ ಗಿರಣಿಗೆ ಹೊಸ ಬಣ್ಣ ಹಚ್ಚ್ರಿ, ಕನ್ನಡ ಮಾತ್ರ ಅಳಿಸಬ್ಯಾಡ್ರಿ



ಮುಚ್ಚಿದ ಕಾರ್ಖಾನೆಗಳು ಕಲಾಕೇಂದ್ರಗಳಾಗುವ ಕಾಲ ಇದು. ಲಂಡನ್ನಿನ ಥೇಮ್ಸ್ ದಂಡೆಯ ಹಳೇ ವಿದ್ಯುತ್ ಕೇಂದ್ರ 2000ದಲ್ಲಿ ಟೇಟ್ ಮಾಡರ್ನ್ ಆಯಿತು. ಮುಂಬೈ ಕಾಳಾಚೌಕಿಯ ಇಂಡಿಯಾ ಯುನೈಟೆಡ್ ಮಿಲ್‌ನಲ್ಲಿ ಜವಳಿ ಮ್ಯೂಸಿಯಂ ಮಾಡಲು ಪಾಲಿಕೆ ಕೈಹಾಕಿದೆ. ಇಂದಲ್ಲ ನಾಳೆ ಸಾಂಗ್ಲಿ-ಮಿರಜದ ಹಳೇ ಗಿರಣಿ, ಗೋದಾಮುಗಳಿಗೂ ಆ ಮಾತು ಬರ್ತದ. ಬರಲಿ, ಸ್ವಾಗತ. ಕೆಡವಿ ಕಾಂಪ್ಲೆಕ್ಸ್ ಕಟ್ಟೋದಕ್ಕಿಂತ ಅದು ನೂರು ಪಾಲು ಮೇಲು. ಆದರೆ ಬೋರ್ಡು ಬರೆದು ರಿಬ್ಬನ್ ಕತ್ತರಿಸಿದ ಮೇಲೆ ನಾವು ಕೂಗಿದರೆ ಯಾರೂ ಕೇಳಂಗಿಲ್ಲ. ಅದಕ್ಕೇ ಈಗಲೇ ಹೇಳ್ತೀವಿ: ಆ ಗೋಡೆಗಳ ಮೇಲೆ ಕನ್ನಡಕ್ಕೂ ಜಾಗ ಬೇಕು.

ಯಾಕಂತೀರಾ? ಕೇಳ್ರಿ.

ಪ್ರತಿ ವರ್ಷ ನವೆಂಬರ್ 5 ಮರಾಠಿ ರಂಗಭೂಮಿ ದಿನ. 1843ರಲ್ಲಿ ವಿಷ್ಣುದಾಸ ಭಾವೆಯವರು ಸಾಂಗ್ಲಿಯಲ್ಲಿ 'ಸೀತಾ ಸ್ವಯಂವರ' ಆಡಿಸಿದ ನೆನಪು ಅದು. ಅದಕ್ಕೆ ಕಿಡಿ ಹಚ್ಚಿದವರು ಯಾರು? ಹೊನ್ನಾವರದ ಹತ್ತಿರದ ಕರ್ಕಿಯಿಂದ ಬಂದು ಸಾಂಗ್ಲಿಯಲ್ಲಿ ಆಟ ಆಡಿದ ಯಕ್ಷಗಾನ ಮೇಳದವರು. ಅದನ್ನು ನೋಡಿದ ಮೇಲೆಯೇ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರು ಮರಾಠಿಯಲ್ಲೂ ಇಂಥದ್ದೊಂದು ಆಗಲಿ ಎಂದು ಭಾವೆಯವರಿಗೆ ಹೇಳಿದ್ದು. ಇದು ನಾವು ಕಟ್ಟಿದ ಕತೆಯಲ್ಲ, ಮರಾಠಿ ರಂಗ ಇತಿಹಾಸದಲ್ಲೇ ಇದೆ. ಆದರೆ ವೇದಿಕೆಯ ಭಾಷಣದಲ್ಲಿ ಕರ್ಕಿಯ ಹೆಸರು ಎಷ್ಟು ಸಲ ಕೇಳೀರಿ?

ಇನ್ನು ಮಿರಜದ ಸಿತಾರ್, ತಂಬೂರಿ. ಆಯುಧ ಮಾಡುತ್ತಿದ್ದ ಶಿಕಲಗಾರರು 19ನೇ ಶತಮಾನದಲ್ಲಿ ವಾದ್ಯಕ್ಕೆ ಕೈಹಚ್ಚಿದರು. ಕಾರ್ಖಾನೆ ಕಲೆಯ ಮನೆ ಆಗೋದು ಮಿರಜಕ್ಕೆ ಹೊಸದಲ್ಲ! ಆ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಇದೇ ಮಿರಜದಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಕಿರಾಣಾ ಘರಾಣೆ ಮಿರಜ-ಹುಬ್ಬಳ್ಳಿ ರೈಲು ಹಳಿಯ ಜೋಡಿಯೇ ಬೆಳೆದದ್ದು.

ಇವತ್ತಿನ ಮಾತಿಗೆ ಬರೋಣ. ಸಾಂಗ್ಲಿ ಪೇಟೆಗೆ ನಮ್ಮ ರೈತರ ಅರಿಶಿನ ಬರ್ತದ. ಮಿರಜದ ದವಾಖಾನಿಗೆ ಅಥಣಿ, ರಾಯಬಾಗ, ಜಮಖಂಡಿ ಕಡೆಯ ರೋಗಿಗಳು ಬರ್ತಾರ. ಬಿಲ್ಲು ಹೇಳುವಾಗ ಎಲ್ಲರಿಗೂ ಕನ್ನಡ ಬರ್ತದ, ಬೋರ್ಡು ಬರೆಯುವಾಗ ಮಾತ್ರ ಮರೆತು ಹೋಗ್ತದ!

'ಇದು ಮಹಾರಾಷ್ಟ್ರ, ಇಲ್ಲಿ ಮರಾಠಿಯೇ' ಅಂತ ಕೆಲವರು ಅಂತಾರೆ. ಮರಾಠಿ ಮೊದಲಿರಲಿ, ದೊಡ್ಡದಾಗಿಯೇ ಇರಲಿ. ನಾವೂ ಮರಾಠಿ ಮಾತಾಡ್ತೀವಿ, ಮರಾಠಿ ನಾಟಕಕ್ಕೆ ಚಪ್ಪಾಳೆ ತಟ್ಟೀವಿ. ಆದರೆ ತಮ್ಮ ಭಾಷೆ, ಲಿಪಿ, ಸಂಸ್ಕೃತಿ ಉಳಿಸಿಕೊಳ್ಳುವ ಹಕ್ಕನ್ನು ಸಂವಿಧಾನದ 29ನೇ ವಿಧಿ ಕೊಟ್ಟಿದೆ. ಬೆಳಗಾವಿಯ ಮರಾಠಿಗರಿಗೆ ಆ ಹಕ್ಕು ಬೇಕು ಅನ್ನೋರು ಜತ್ತ, ಮಿರಜದ ಕನ್ನಡಿಗರಿಗೆ ಬೇಡ ಅಂದ್ರ ಹ್ಯಾಂಗ?

ನಮ್ಮ ಬೇಡಿಕೆ ಮೂರೇ:
1. ಸರಕಾರಿ ರೊಕ್ಕದಲ್ಲಿ ಆಗುವ ಯಾವುದೇ ಕಲಾಕೇಂದ್ರದ ಫಲಕ, ವಿವರಣೆಗಳಲ್ಲಿ ಮರಾಠಿಯ ಜೊತೆ ಕನ್ನಡ.
2. ಕರ್ಕಿ ಮೇಳದ ಕತೆಗೆ ಅಲ್ಲೊಂದು ಗೋಡೆ.
3. ಜತ್ತ ತಾಲೂಕಿನ ಕನ್ನಡ ಶಾಲೆ ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ಆ ವೇದಿಕೆ.

ಬೆಂಗಳೂರಿನವರಿಗೂ ಒಂದು ಮಾತು. ನವೆಂಬರ್ 1ಕ್ಕೆ ಶಾಲು ಹೊದಿಸಿ ಗಡಿನಾಡ ಕನ್ನಡಿಗರು ಅಂತ ಹೊಗಳಿದರೆ ಸಾಲದು. ಇಂಥ ಯೋಜನೆ ಬಂದಾಗ ಪತ್ರ ಬರೀರಿ, ಪಾಲು ಹಾಕ್ರಿ, ಬಂದು ಕೂತು ಮಾತಾಡ್ರಿ.

ಕಟ್ಟಡ ಯಾರದ್ದೇ ಇರಲಿ, ನೆನಪು ಇಬ್ಬರದ್ದು. ಒಪ್ಪಿದವರು ಶೇರ್ ಮಾಡ್ರಿ. ಒಪ್ಪದವರು ಕಾಮೆಂಟಿನಲ್ಲಿ ಬೈಯುವ ಮೊದಲು 1843ರ ಇತಿಹಾಸ ಓದಿ ಬರ್ರಿ.