ಹೆಸರಿಗಿಂತ ಗುರುತು ಮೇಲು

ಹುಕ್ಕೇರಿ ತಾಲೂಕಿನಲ್ಲಿ ಘಟಪ್ರಭೆಗೆ ಕಟ್ಟಿದ ಹಿಡಕಲ್ ಅಣೆಕಟ್ಟು ೧೯೭೭ರಲ್ಲಿ ಪೂರ್ಣವಾಯಿತು. ಅದರ ಹಿನ್ನೀರಿನಲ್ಲಿ ಹುನ್ನೂರಿನ ವಿಠ್ಠಲ ಗುಡಿಯು ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದಾಗ ಗುಡಿಯು ತಲೆಯೆತ್ತುವದು. ಊರ ಹೆಸರಿನ ಹಲಗೆ ಇಲ್ಲದಿದ್ದರೂ ಬಲ್ಲವರು ಇದು ಹುನ್ನೂರೆಂದು ಗುರುತಿಸುವರು. ಗಣಕಯಂತ್ರದ ಕಡತಗಳಿಗೂ ಇಂಥದೇ ಗುರುತುಂಟೆಂಬದನ್ನು ಈ ತಿಂಗಳು ನಮ್ಮ ವಾಚಕರಿಗೆ ಅರಿಕೆ ಮಾಡುವೆವು.

ಮುಳುಗಡೆಯ ಮನೆತನಗಳಲ್ಲಿ, ಅಷ್ಟೇಕೆ, ಯಾವ ಒಕ್ಕಲುಮನೆಯಲ್ಲಿಯೂ ಖರೀದಿಪತ್ರ, ಉತಾರ, ಪರಿಹಾರದ ಕಾಗದ ಇವೇ ಆಸ್ತಿಯ ಬೇರು. ಈಗ ಮಕ್ಕಳು ಇವುಗಳ ಪ್ರತಿಯನ್ನು ಗಣಕದಲ್ಲಿಯೋ ಮೊಬೈಲಿನಲ್ಲಿಯೋ ಇಡುವರು. ನಾಲ್ಕು ಕೈ ದಾಟುವಷ್ಟರಲ್ಲಿ ಕಡತದ ಹೆಸರು ಬದಲಾಗಿ, ಕೊನೆಯ ಮೂರಕ್ಷರದ ಬಾಲವು ಕಳೆದುಹೋಗಿ, ಯಂತ್ರವು ತೆರೆಯಲಾರೆನೆನ್ನುವದು. ಕಾಗದವೇ ಹಾಳಾಯಿತೆಂದು ಬಗೆದು ಮನೆಯವರು ಅದನ್ನು ಅಳಿಸಿಬಿಡುವರು. ಇದು ಆತುರದ ಕೆಲಸ.

ಕಡತದ ಹೆಸರು ಗೋಕಾವಿಯ ಕರದಂಟಿನ ಡಬ್ಬಿಗೆ ಅಂಟಿಸಿದ ಚೀಟಿಯಂತೆ. ಚೀಟಿ ಹರಿದರೆ ಕರದಂಟಿನ ರುಚಿ ಕೆಡುವದಿಲ್ಲ. ಬೇರೆ ಚೀಟಿ ಅಂಟಿಸಿದರೆ ಬೆಲ್ಲದುಂಡೆಯು ಕರದಂಟಾಗುವದಿಲ್ಲ. ಕಡತದ ಒಳಗಿರುವದು ಕೇವಲ ಸಂಖ್ಯೆಗಳ ಸಾಲು; ಒಂದೊಂದು ೦ಯಿಂದ ೨೫೫ರ ವರೆಗೆ. ಸಾಲಿನ ಮೊದಲ ಕೆಲವು ಸಂಖ್ಯೆಗಳೇ ಪ್ರಾಯಃ ಅದರ ಜಾತಿಯನ್ನು ಹೇಳುವವು. ಜೆಪೆಗ್ ಭಾವಚಿತ್ರವು ೨೫೫, ೨೧೬, ೨೫೫ ಎಂದು ಆರಂಭಿಸುವದು; ಪಿಎನ್‌ಜಿ ಚಿತ್ರವು ೧೩೭, ೮೦, ೭೮, ೭೧ ಎಂದು. ಪಿಡಿಎಫ್ ಕಡತವು ಶೇಕಡಾ ಚಿಹ್ನೆಯನ್ನೂ ತನ್ನ ಹೆಸರಿನ ಮೂರು ಇಂಗ್ಲಿಷ್ ಅಕ್ಷರಗಳನ್ನೂ ಹಣೆಯ ಮೇಲೆ ಬರೆದುಕೊಂಡಿರುವದು. ಜಿಪ್ ಗಂಟಿನ ಮೊದಲಲ್ಲಿ 'ಪಿ', 'ಕೆ' ಎಂಬ ಅಕ್ಷರಗಳಿರುವವು. ಅದನ್ನು ನಿರ್ಮಿಸಿದ ಫಿಲ್ ಕ್ಯಾಟ್ಜ್ ಎಂಬವರ ಹೆಸರಿನ ಮೊದಲಕ್ಷರಗಳವು.

ಸಾದಾ ಬರಹಕ್ಕೆ ಇಂಥ ಮುದ್ರೆಯಿಲ್ಲ. ಆದರೂ ಯೂನಿಕೋಡಿನ ಯುಟಿಎಫ್-೮ ಪದ್ಧತಿಯಲ್ಲಿ ನಮ್ಮ ಕನ್ನಡದ ಪ್ರತಿಯೊಂದು ಅಕ್ಷರಚಿಹ್ನೆಯೂ ಮೂರು ಸಂಖ್ಯೆಗಳಾಗಿ, ೨೨೪, ೧೭೮ ಅಥವಾ ೨೨೪, ೧೭೯ ಎಂದು ಮೊದಲಾಗುವದು. ಈ ಜೋಡಿಗಳು ಸಾಲುಸಾಲಾಗಿ ಬಂದರೆ ಅದು ಕನ್ನಡ ಬರಹವೆಂದು ನಂಬಬಹುದು.

ಇದನ್ನು ನೋಡುವ ಬಗೆ ಹೇಗೆ? ಮೊದಲು ಕಡತದ ನಕಲನ್ನು ಮಾಡಿರಿ, ಮೂಲವನ್ನು ಮುಟ್ಟಬೇಡಿರಿ. ನಕಲನ್ನು ಗಣಕದ ನೋಟ್‌ಪ್ಯಾಡಿನಲ್ಲಿ ತೆರೆದರೆ ವಿಚಿತ್ರ ಚಿಹ್ನೆಗಳ ನಡುವೆ ಮೊದಲ ಅಕ್ಷರಗಳು ಕಾಣುವವು. ಏನನ್ನೂ ತಿದ್ದದೆ, ಉಳಿಸದೆ ಮುಚ್ಚಿರಿ. ಬಳಿಕ ನಕಲಿನ ಹೆಸರಿಗೆ ತಕ್ಕ ಬಾಲವನ್ನು ಸೇರಿಸಿದರೆ, ಒಳಗಿನದು ಕೆಡದಿದ್ದ ಪಕ್ಷದಲ್ಲಿ, ಕಾಗದವು ತೆರೆದುಕೊಳ್ಳುವದು. ಯುನಿಕ್ಸ್ ವ್ಯವಸ್ಥೆಯಲ್ಲಿ 'ಫೈಲ್' ಎಂಬ ಆಜ್ಞೆಯೊಂದು ೧೯೭೩ರಿಂದಲೂ ಈ ಪರೀಕ್ಷೆಯನ್ನು ತಾನೇ ಮಾಡುತ್ತ ಬಂದಿದೆ.

ಇನ್ನೊಂದು ಎಚ್ಚರಿಕೆಯ ಮಾತು. ಈಚೆಗೆ ಲಗ್ನಪತ್ರಿಕೆಯೆಂದು ಹೇಳಿ ವಾಟ್ಸಪ್ಪಿನಲ್ಲಿ ಎಪಿಕೆ ಕಡತವನ್ನು ಕಳಿಸುವ ವಂಚಕರಿದ್ದಾರೆ. ಅದು ಪತ್ರಿಕೆಯಲ್ಲ, ಮೊಬೈಲಿನಲ್ಲಿ ನೆಲೆಸಿ ಬ್ಯಾಂಕಿನ ಗುಟ್ಟನ್ನು ಕದಿಯಬಲ್ಲ ಕಾರ್ಯಕ್ರಮ. ಎಪಿಕೆಯೂ ಜಿಪ್ ಗಂಟೇ. ಇಂದಿನ ವರ್ಡ್ ಕಡತವೂ ಅದೇ. ಎರಡರ ಹಣೆಯಲ್ಲಿಯೂ 'ಪಿ', 'ಕೆ' ಎಂದೇ ಇರುವದರಿಂದ ಗುರುತು ಜಾತಿಯನ್ನು ಹೇಳೀತೇ ಹೊರತು ಗುಣವನ್ನು ಹೇಳದು. ಆದಕಾರಣ ಅಂಥದನ್ನು ತೆರೆಯದೆ, ಕಳಿಸಿದವರನ್ನು ಫೋನಿನಲ್ಲಿ ಕೇಳುವದೇ ಲೇಸು. ಹಣ ಹೋದರೆ ತಡಮಾಡದೆ ೧೯೩೦ ಸಂಖ್ಯೆಗೆ ತಿಳಿಸಬೇಕು.

ತೆರೆಯದ ಕಡತವನ್ನು ಕೂಡಲೆ ಅಳಿಸಬಾರದು. ಅರಿಯದ ಕಡತವನ್ನು ಕೂಡಲೆ ತೆರೆಯಬಾರದು. ಮನೆಯ ಹಿರಿಯರು ಇವೆರಡನ್ನು ಮಕ್ಕಳಿಗೆ ಹೇಳಿದರೆ ನಮ್ಮ ಈ ಬರಹವು ಸಾರ್ಥಕವಾಯಿತೆಂದು ಭಾವಿಸುವೆವು.