ಸುಟ್ಟ ಗಾಯಕ್ಕೆ ಮೊದಲ ಮದ್ದು ನೀರು

ಮಲಪ್ರಭೆಯ ದಂಡೆಯ ಹೊಳೆಆಲೂರಿನಂಥ ಊರುಗಳಲ್ಲಿ ರೊಟ್ಟಿಯ ಹಂಚು, ಸ್ನಾನದ ನೀರಿನ ಹಂಡೆ, ಮಿರ್ಚಿ ಕರಿಯುವ ಬಾಣಲೆ ದಿನವೂ ಕಾಯುತ್ತವೆ. ಮೈ ತೀವ್ರವಾಗಿ ಸುಟ್ಟರೆ ಗದಗಿಗೋ ಹುಬ್ಬಳ್ಳಿಗೋ ಒಯ್ಯಬೇಕು. ಭಾರತದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಮಧ್ಯಮ ಇಲ್ಲವೇ ತೀವ್ರ ಪ್ರಮಾಣದ ಸುಟ್ಟ ಗಾಯಗಳಿಗೆ ಒಳಗಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಇವರ ಚಿಕಿತ್ಸೆ ಆಸ್ಪತ್ರೆಯ ಬಾಗಿಲಲ್ಲಿ ಅಲ್ಲ, ಸುಟ್ಟ ಜಾಗದಲ್ಲೇ ಶುರುವಾಗಬೇಕು. ಬೆಂಕಿಯಿಂದ ದೂರ ಸರಿದ ಮೇಲೂ ಚರ್ಮದಲ್ಲಿ ಉಳಿದ ಕಾವು ಒಳಪದರಗಳನ್ನು ಸುಡುತ್ತಲೇ ಇರುತ್ತದೆ. ತಣ್ಣನೆಯ ಹರಿಯುವ ನೀರನ್ನು 20 ನಿಮಿಷ ಬಿಟ್ಟರೆ ಆ ಕಾವು ಇಳಿದು ಗಾಯ ಆಳಕ್ಕೆ ಹೋಗುವುದು ತಗ್ಗುತ್ತದೆ. ಸುಟ್ಟ ಮೂರು ತಾಸಿನೊಳಗೆ ಮಾಡಿದರೂ ಉಪಯೋಗವುಂಟು. ಬಾವು ಬರುವ ಮೊದಲೇ ಬಳೆ, ಉಂಗುರ ತೆಗೆಯಬೇಕು. ಮೈಗೆ ಅಂಟಿದ ಬಟ್ಟೆಯನ್ನು ಕೀಳಬಾರದು, ಗುಳ್ಳೆ ಒಡೆಯಬಾರದು. ತಣಿದ ಗಾಯದ ಮೇಲೆ ಶುದ್ಧ ಬಟ್ಟೆಯನ್ನು ಸಡಿಲವಾಗಿ ಹೊದಿಸಿದರೆ ಸಾಕು.

ಟೂತ್‌ಪೇಸ್ಟ್, ಶಾಯಿ, ಬೆಣ್ಣೆ, ಅರಿಶಿನ ಹಚ್ಚಿ ವಾಸಿಯಾಗಿದ್ದನ್ನು ಕಂಡಿದ್ದೇವೆ ಎಂದು ಹಿರಿಯರು ಹೇಳುವುದು ಸುಳ್ಳಲ್ಲ. ಆದರೆ ಸಣ್ಣ ಸುಟ್ಟ ಗಾಯ ಏನೂ ಹಚ್ಚದಿದ್ದರೂ ಮಾಯುತ್ತದೆ. ದೊಡ್ಡ ಗಾಯಕ್ಕೆ ಇವನ್ನು ಮೆತ್ತಿದರೆ ಕಾವು ಒಳಗೇ ಉಳಿಯುತ್ತದೆ, ಸೋಂಕಿಗೆ ದಾರಿಯಾಗುತ್ತದೆ. ಗಾಯದ ಆಳ ವೈದ್ಯರಿಗೆ ಕಾಣದೆ, ಮೆತ್ತಿದ್ದನ್ನು ಉಜ್ಜಿ ತೆಗೆಯುವ ನೋವನ್ನೂ ರೋಗಿಯೇ ಉಣ್ಣಬೇಕಾಗುತ್ತದೆ. ಮಂಜುಗಡ್ಡೆಯೂ ಬೇಡ, ಅದು ರಕ್ತನಾಳಗಳನ್ನು ಕುಗ್ಗಿಸಿ ಚರ್ಮಕ್ಕೆ ಇನ್ನಷ್ಟು ಹಾನಿ ಮಾಡುತ್ತದೆ. ಬೇಸಿಗೆಯಲ್ಲಿ ನಳಕ್ಕೆ ನೀರೇ ಬರುವುದಿಲ್ಲ ಎನ್ನುವ ಮಾತು ನಿಜ. ಆದರೂ ಕೊಡದಲ್ಲಿ ತುಂಬಿಟ್ಟ ಶುದ್ಧ ನೀರನ್ನು ತಂಬಿಗೆಯಿಂದ ಬಿಡದೆ ಸುರಿಯಬಹುದು. 20 ನಿಮಿಷ ನಿಂತರೆ ಆಸ್ಪತ್ರೆಗೆ ತಡವಾಗುವುದಿಲ್ಲವೇ? 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವ ತನಕ ನೀರು ಹಾಕಿದರೆ ಹೊತ್ತು ಹಾಳಾಗುವುದಿಲ್ಲ. ಉಸಿರಾಟಕ್ಕೆ ತೊಂದರೆಯಿದ್ದರೆ ಮಾತ್ರ ಆಸ್ಪತ್ರೆಯೇ ಮೊದಲು. ಮಕ್ಕಳ ಮೈ ಬಹಳಷ್ಟು ಸುಟ್ಟಿದ್ದರೆ ಗಾಯಕ್ಕಷ್ಟೇ ನೀರು ಹಾಕಿ, ಉಳಿದ ಮೈಗೆ ಬೆಚ್ಚಗೆ ಹೊದಿಸಬೇಕು.

ಪ್ರತಿ ಹೋಬಳಿಗೂ ಸುಟ್ಟ ಗಾಯದ ವಿಶೇಷ ವಾರ್ಡ್ ಬೇಕೆಂದು ಕೇಳುವುದು ನ್ಯಾಯವೇ. ಆದರೆ ಅದಕ್ಕೆ ಹಣ, ತಜ್ಞರು, ವರ್ಷಗಳು ಬೇಕು. ಈ ಪ್ರಥಮ ಚಿಕಿತ್ಸೆಯ ತಿಳಿವಳಿಕೆಗೆ ಇವಾವುವೂ ಬೇಡ. ಆಶಾ ಕಾರ್ಯಕರ್ತೆಯರು, ಅಂಗನವಾಡಿಗಳು, ಸ್ತ್ರೀಶಕ್ತಿ ಸಂಘಗಳು ಹಳ್ಳಿಹಳ್ಳಿಯಲ್ಲಿವೆ. ಒಲೆಯ ಮುಂದೆ ಕೂರುವ ಹೆಣ್ಣುಮಕ್ಕಳಿಗಷ್ಟೇ ಅಲ್ಲ, ಮನೆಯ ಗಂಡಸರಿಗೂ ಶಾಲೆಯ ಮಕ್ಕಳಿಗೂ ಇದನ್ನು ಕೈಯಾರೆ ಮಾಡಿಸಿ ಕಲಿಸುವ ಹೊಣೆಯನ್ನು ಆರೋಗ್ಯ ಇಲಾಖೆ ಮತ್ತು ಗ್ರಾಮ ಪಂಚಾಯಿತಿಗಳು ಈ ವರ್ಷವೇ ಹೊರಬೇಕು.